ಜಗತ್ತು ತಂತುಗಳಿಂದಾದುದೆ?

ಸಂಗೀತ ಕಛೇರಿಯನ್ನು ರೇಡಿಯೊದಲ್ಲಿ ಕೇಳುವ ರೂಢಿಯಿರುವವರಿಗೆ ತಂಬೂರಿಯ ಶ್ರುತಿಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಗಾಯಕರು ಬಾಯಿ ತೆರೆಯುವ ಮೊದಲೇ ಆ ನಾದ ಮನೆಯನ್ನು ತುಂಬಿಕೊಂಡಿರುತ್ತದೆ. ಇರುವುದು ನಾಲ್ಕೇ ತಂತಿ. ಸಾಮಾನ್ಯವಾಗಿ ಅವುಗಳನ್ನು ಕೂಡಿಸಿರುವುದು ಷಡ್ಜಕ್ಕೆ ಮತ್ತು ಪಂಚಮಕ್ಕೆ. ಆದರೂ ಕಿವಿಗೊಟ್ಟು ಕೇಳಿದರೆ, ಯಾರೂ ಮೀಟದ ಗಾಂಧಾರವೊಂದು ಆ ನಾದದೊಳಗಿಂದ ಮೆಲ್ಲಗೆ ಏಳುವುದು ಗೊತ್ತಾಗುತ್ತದೆ. ಸಂಗೀತಗಾರರು ಇದನ್ನು ಸ್ವಯಂಭೂ ಸ್ವರವೆನ್ನುತ್ತಾರೆ. ಇದರಲ್ಲಿ ಪವಾಡವೇನೂ ಇಲ್ಲ. ಬಿಗಿದ ತಂತಿ ಒಂದೇ ಬಗೆಯಾಗಿ ಅದುರುವುದಿಲ್ಲ. ಇಡಿಯಾಗಿ ಅದುರುತ್ತಿರುವಾಗಲೇ ಎರಡು ಪಾಲಾಗಿಯೂ ಮೂರು ಪಾಲಾಗಿಯೂ ಐದು ಪಾಲಾಗಿಯೂ ಅದುರುತ್ತಿರುತ್ತದೆ. ಐದು ಪಾಲಿನ ಕಂಪನವೇ ಆ ಗಾಂಧಾರ.

ಈ ತಂಬೂರಿ ಒಮ್ಮೆ ಭೌತವಿಜ್ಞಾನದ ನಿಯಮವೊಂದನ್ನು ಮೀರಿ ನಿಂತಿತ್ತು. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಕಂಪನಗಳಿಗೆ ಅಲುಗಾಟವಿಲ್ಲವೋ ಆ ಕಂಪನಗಳು ಹುಟ್ಟಲಾರವೆಂಬುದು ಹಳೆಯ ನಿಯಮ. ಆಗ ಕಲ್ಕತ್ತೆಯಲ್ಲಿದ್ದು ಮುಂದೆ ಬೆಂಗಳೂರಿನಲ್ಲಿಯೇ ನೆಲೆನಿಂತ ಸಿ. ವಿ. ರಾಮನ್ ಅವರು ವೀಣೆ ತಂಬೂರಿಗಳನ್ನು ಪರೀಕ್ಷಿಸಿ, ಅವು ಈ ನಿಯಮಕ್ಕೆ ಒಳಪಡುವುದಿಲ್ಲವೆಂದು 1921ರಲ್ಲಿ ಪ್ರಕಟಿಸಿದರು. ಕಾರಣ, ತಂತಿ ಕುಳಿತಿರುವ ಕುದುರೆ. ಪಿಟೀಲಿನ ಕುದುರೆಯ ಅಂಚು ಕಿರಿದು. ತಂಬೂರಿಯ ಕುದುರೆ ಅಗಲವಾದುದು, ಮೇಲ್ಮೈ ಬಾಗಿದುದು. ಅದರ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಜೀವಾಳವೆಂಬ ದಾರದ ಎಳೆ ಬೇರೆ. ತಂತಿಯ ತುದಿ ಎಲ್ಲಿ ಹೇಗೆ ಕುಳಿತಿದೆ ಎಂಬುದನ್ನು ಅನುಸರಿಸಿಯೇ ಅದರಿಂದ ಹೊರಡುವ ಸ್ವರಗಳು. ಈ ಸಣ್ಣ ಸಂಗತಿಯನ್ನು ಜ್ಞಾಪಕದಲ್ಲಿಡಿ; ಮುಂದೆ ಬೇಕಾಗುತ್ತದೆ.

ತಂತಿ ಒಂದು, ಕಂಪನ ಹಲವು, ಸ್ವರ ಹಲವು. ಕಳೆದ ಐವತ್ತು ವರ್ಷಗಳಿಂದ ಭೌತವಿಜ್ಞಾನಿಗಳಲ್ಲಿ ಒಂದು ದೊಡ್ಡ ಪಂಗಡ, ಇಡೀ ಜಗತ್ತಿನ ರಚನೆಯೇ ಹೀಗಿರಬಹುದೆಂದು ಲೆಕ್ಕ ಹಾಕುತ್ತ ಬಂದಿದೆ. ನಾನು ಆ ಪಂಗಡಕ್ಕೆ ಸೇರಿದವನಲ್ಲ, ಭೌತವಿಜ್ಞಾನಿಯೂ ಅಲ್ಲ. ಎಮ್ಮಿಗನೂರಿನಲ್ಲಿ ಕುಳಿತು ದೂರದಿಂದ ಈ ವಿಚಾರವನ್ನು ಆಸಕ್ತಿಯಿಂದ ನೋಡುತ್ತ ಬಂದ ಹವ್ಯಾಸಿ. ದೂರದಿಂದ ನೋಡುವವನಿಗೆ ಒಂದು ಅನುಕೂಲವುಂಟು. ಅವನಿಗೆ ಈ ಕಡೆಯ ಗೆಲುವೂ ಬೇಡ, ಆ ಕಡೆಯ ಗೆಲುವೂ ಬೇಡ. ಲೆಕ್ಕ ಸರಿಯಾಯಿತೆ ಎಂದು ಕೇಳಿದರೆ ಸಾಕು.

ವಸ್ತುವನ್ನು ಒಡೆಯುತ್ತ ಹೋದರೆ ಅಣು, ಅಣುವಿನೊಳಗೆ ಪರಮಾಣು, ಪರಮಾಣುವಿನ ನಡುವೆ ಬೀಜ, ಬೀಜದೊಳಗೆ ಪ್ರೋಟಾನು, ಪ್ರೋಟಾನಿನೊಳಗೆ ಕ್ವಾರ್ಕು: ಇಷ್ಟು ದೂರ ಪ್ರಯೋಗ ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗಿದೆ. ಎಲೆಕ್ಟ್ರಾನು, ಕ್ವಾರ್ಕು ಮೊದಲಾದವುಗಳಿಗೆ ಒಳಭಾಗ ಉಂಟೆಂಬುದಕ್ಕೆ ಈವರೆಗೆ ಗುರುತು ಸಿಕ್ಕಿಲ್ಲ. ಆದ್ದರಿಂದ ಅವುಗಳನ್ನು ಉದ್ದಗಲವಿಲ್ಲದ ಬಿಂದುಗಳೆಂದು ಎಣಿಸುವುದು ವಾಡಿಕೆ. ತಂತು ಸಿದ್ಧಾಂತ, ಇಂಗ್ಲಿಷಿನವರ ಮಾತಿನಲ್ಲಿ ಸ್ಟ್ರಿಂಗ್ ಥಿಯರಿ, ಹೇಳುವುದು ಬೇರೆ. ಅವು ಬಿಂದುಗಳಲ್ಲ, ಅತಿ ಸೂಕ್ಷ್ಮವಾದ ಎಳೆಗಳು. ಎಲ್ಲ ಎಳೆಗಳೂ ಒಂದೇ ಜಾತಿ. ಒಂದು ಬಗೆಯಾಗಿ ಅದುರಿದರೆ ಎಳೆ ಎಲೆಕ್ಟ್ರಾನಾಗಿ ತೋರುತ್ತದೆ. ಇನ್ನೊಂದು ಬಗೆಯಾಗಿ ಅದುರಿದರೆ ಕ್ವಾರ್ಕಾಗಿ. ಮತ್ತೊಂದು ಬಗೆಯಾಗಿ ಅದುರಿದರೆ ಬೆಳಕಿನ ಕಣವಾಗಿ. ಕಂಪನ ಜೋರಾದಷ್ಟೂ ಶಕ್ತಿ ಹೆಚ್ಚು. ಶಕ್ತಿ ಮತ್ತು ದ್ರವ್ಯರಾಶಿ ಒಂದೇ ನಾಣ್ಯದಲ್ಲಿ ಲೆಕ್ಕವಾಗುವ ವಸ್ತುಗಳೆಂದು ಐನ್‌ಸ್ಟೈನ್ 1905ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಎಳೆಯ ಕಂಪನವೇ ಕಣದ ತೂಕವನ್ನೂ ಗುಣವನ್ನೂ ಗೊತ್ತುಮಾಡುತ್ತದೆ.

ಇಷ್ಟು ಹೇಳಿದ ಕೂಡಲೇ, ನಮ್ಮ ಹಿರಿಯರು ನಾದಬ್ರಹ್ಮವೆಂದದ್ದು ಇದನ್ನೇ ಎಂದು ಯಾರಾದರೂ ತಲೆದೂಗುವುದುಂಟು. ಆ ಮಾತಿನ ಹಿರಿಮೆ ಅದಕ್ಕಿರಲಿ. ಈ ಎಳೆಗಳು ಸದ್ದು ಮಾಡುವುದಿಲ್ಲ, ಅವುಗಳ ಸುತ್ತ ಗಾಳಿಯೂ ಇಲ್ಲ. ಹೋಲಿಕೆಯಿರುವುದು ಕಂಪನದ ಗಣಿತದಲ್ಲಿ ಮಾತ್ರ. ಎರಡನ್ನೂ ಕಲಸಿದರೆ ಎರಡಕ್ಕೂ ಅನ್ಯಾಯ.

ಎಳೆ ಎಷ್ಟು ಸಣ್ಣದು? ಹೆಚ್ಚಿನವರು ಒಪ್ಪುವ ಅಂದಾಜಿನಂತೆ, ದಶಮಾಂಶ ಬಿಂದುವಿನ ಮುಂದೆ 34 ಸೊನ್ನೆಗಳನ್ನು ಬರೆದು ಅನಂತರ 16 ಎಂದು ಬರೆದರೆ ಎಷ್ಟಾಗುತ್ತದೆಯೋ ಅಷ್ಟು ಮೀಟರಿನ ಆಸುಪಾಸು. ಸೊನ್ನೆಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ನೋಡೋಣ. ಕಂಪ್ಲಿ, ಎಮ್ಮಿಗನೂರು ಕಡೆ ನಾವು ನೆಲ್ಲು ಎನ್ನುತ್ತೇವಲ್ಲ, ಆ ಭತ್ತದ ಒಂದು ಕಾಳು ಸುಮಾರು 8 ಮಿಲಿಮೀಟರು ಉದ್ದ. ಈ ಎಳೆಯನ್ನು ಹಿಗ್ಗಿಸಿ ಹಿಗ್ಗಿಸಿ ನೆಲ್ಲಿನ ಕಾಳಿನಷ್ಟು ಮಾಡಿದೆವೆಂದು ತಿಳಿಯಿರಿ. ಅದೇ ಅಳತೆಯಲ್ಲಿ ಒಂದು ಪರಮಾಣುವನ್ನು ಹಿಗ್ಗಿಸಿದರೆ, ಅದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಬೆಳಕಿಗೆ ಸುಮಾರು 50 ಲಕ್ಷ ವರ್ಷ ಬೇಕಾಗುತ್ತದೆ! ನಮ್ಮ ಪಕ್ಕದ ದೊಡ್ಡ ನಕ್ಷತ್ರಲೋಕವಾದ ಆಂಡ್ರೊಮೀಡದಿಂದ ಇಲ್ಲಿಗೆ ಬೆಳಕು ಬರುವುದಕ್ಕೂ 25 ಲಕ್ಷ ವರ್ಷ ಸಾಕು. ಮುಂದೆ ಬರುವ ತೊಡಕುಗಳಿಗೆಲ್ಲ ಮೂಲ ಇಲ್ಲಿದೆ.

ಇಂಥ ವಿಚಿತ್ರ ಕಲ್ಪನೆಯನ್ನು ಯಾರೂ ಬೇಕೆಂದು ಹುಟ್ಟಿಸಲಿಲ್ಲ. ಪರಮಾಣು ಬೀಜವನ್ನು ಹಿಡಿದಿಟ್ಟಿರುವ ಬಲದ ವಿಚಾರವಾಗಿ ಇಟಲಿಯ ವೆನೆಜಿಯಾನೊ 1968ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ಅದು ಎರಡು ವರ್ಷ ಯಾರಿಗೂ ಅರ್ಥವಾಗದ ಸೂತ್ರವಾಗಿಯೇ ಇತ್ತು. 1970ರ ಸುಮಾರಿಗೆ ನಂಬು, ನೀಲ್ಸನ್, ಸಸ್ಕಿಂಡ್ ಎಂಬ ಮೂವರು ಬೇರೆ ಬೇರೆಯಾಗಿ, ಇದು ಅದುರುವ ಎಳೆಯ ಸೂತ್ರ ಎಂದು ಕಂಡುಕೊಂಡರು. ಆದರೆ ಬೀಜಬಲಕ್ಕೆ ಅಷ್ಟರಲ್ಲಿ ಕ್ವಾರ್ಕುಗಳನ್ನಾಧರಿಸಿದ ಬೇರೊಂದು ಉತ್ತಮ ವಿವರಣೆ ಸಿಕ್ಕಿತು, ಎಳೆಯನ್ನು ಮೂಲೆಗೆಸೆದರು. ಎಸೆಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಎಳೆಯ ಕಂಪನಗಳಲ್ಲಿ ತೂಕವೇ ಇಲ್ಲದ, ಯಾರೂ ಕರೆಯದ ಕಣವೊಂದು ಪದೇ ಪದೇ ತಲೆಹಾಕುತ್ತಿತ್ತು. ಪಂಕ್ತಿಯಲ್ಲಿ ಬಂದು ಕುಳಿತ ಅಪರಿಚಿತನಂತೆ ಅದು. 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಜ್ ಅದರ ಗುರುತು ಹಿಡಿದರು. ಗುರುತ್ವಾಕರ್ಷಣೆಯನ್ನು ಹೊತ್ತು ತರುವ ಕಣಕ್ಕೆ ಯಾವ ಲಕ್ಷಣಗಳಿರಬೇಕೋ ಅವೆಲ್ಲವೂ ಅದಕ್ಕಿದ್ದವು.

ಇದು ಸಾಮಾನ್ಯ ಸಂಗತಿಯಲ್ಲ. ಇಪ್ಪತ್ತನೆಯ ಶತಮಾನ ನಮಗೆ ಎರಡು ದೊಡ್ಡ ಶಾಸ್ತ್ರಗಳನ್ನು ಕೊಟ್ಟಿತು. ಗುರುತ್ವಕ್ಕೆ ಐನ್‌ಸ್ಟೈನರ 1915ರ ಸಾಪೇಕ್ಷತಾ ಸಿದ್ಧಾಂತ. ಪರಮಾಣು ಲೋಕಕ್ಕೆ ಕ್ವಾಂಟಂ ಶಾಸ್ತ್ರ. ಎರಡೂ ತಮ್ಮ ತಮ್ಮ ಸೀಮೆಯಲ್ಲಿ ನಿಜ. ಆದರೆ ಒಂದೇ ಲೆಕ್ಕದಲ್ಲಿ ಎರಡನ್ನೂ ಕೂಡಿಸಿದರೆ ಉತ್ತರ ಅನಂತವೆಂದು ಬರುತ್ತದೆ, ಅಂದರೆ ಉತ್ತರವೇ ಇಲ್ಲ. ಬಿಂದುವಿಗೆ ಬಿಂದು ತಾಗುವಾಗ ನಡುವಣ ದೂರ ಸೊನ್ನೆ; ಸೊನ್ನೆಯಿಂದ ಭಾಗಿಸಿದರೆ ಆಗುವ ಅವಾಂತರ ಶಾಲೆಯ ಹುಡುಗರಿಗೂ ಗೊತ್ತು. ಬಿಂದುವಿನ ಬದಲು ಎಳೆಯನ್ನಿಟ್ಟರೆ ಈ ಅವಾಂತರ ತಪ್ಪುತ್ತದೆ. ನಮ್ಮ ಕಡೆ ಎರಡು ಕಾಲುವೆಗಳು ಕೂಡುವ ಕಡೆ ಹೋಗಿ ನೋಡಿ. ಇಗೋ ಈ ಬಿಂದುವಿನಲ್ಲಿಯೇ ಎರಡು ನೀರೂ ಒಂದಾದವು ಎಂದು ಗೂಟ ಹೊಡೆಯಲು ಸಾಧ್ಯವೆ? ಕೂಡುವಿಕೆ ಹರಡಿಕೊಂಡಿರುತ್ತದೆ. ಎಳೆಗಳು ಕೂಡುವುದೂ ಹಾಗೆಯೇ. ಸೊನ್ನೆ ದೂರವೆಂಬುದು ಲೆಕ್ಕದೊಳಗೆ ಬರುವುದೇ ಇಲ್ಲ.

ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಎಳೆಯ ಗಣಿತ ನಮಗೆ ಗೊತ್ತಿರುವ ಮೂರು ದಿಕ್ಕು ಮತ್ತು ಒಂದು ಕಾಲದಲ್ಲಿ ಹೊಂದುವುದಿಲ್ಲ. ಅದಕ್ಕೆ ಕಾಲವೂ ಸೇರಿ ಹತ್ತು ಆಯಾಮಗಳು ಬೇಕು. ಉಳಿದ ಆರು ಎಲ್ಲಿ? ಹಂಪಿಯ ಮಾತಂಗ ಪರ್ವತದ ನೆತ್ತಿಯನ್ನೇರಿ ಕೆಳಗೆ ನೋಡಿದವರಿಗೆ, ವಿಜಯನಗರದ ಕಾಲದಿಂದ ಇಂದಿಗೂ ಹರಿಯುತ್ತಿರುವ ತುರ್ತಾ ಕಾಲುವೆ ಬಾಳೆಯ ತೋಟಗಳ ನಡುವೆ ಎಳೆದ ಗೆರೆಯಂತೆ ಕಾಣುತ್ತದೆ. ಗೆರೆಗೆ ಉದ್ದವೊಂದೇ. ಇಳಿದು ಬಂದು ದಡದಲ್ಲಿ ನಿಂತರೆ ಅದಕ್ಕೆ ಅಗಲವೂ ಉಂಟು, ಆಳವೂ ಉಂಟು. ಹಾಗೆ ಆ ಆರು ದಿಕ್ಕುಗಳೂ ನಮ್ಮ ಕಣ್ಣಿಗೂ ಉಪಕರಣಗಳಿಗೂ ನಿಲುಕದಷ್ಟು ಸಣ್ಣದಾಗಿ ಸುರುಳಿ ಸುತ್ತಿಕೊಂಡಿರಬಹುದು ಎಂದು ವಾದ. ಒಂದು ಹೆಚ್ಚಿನ ದಿಕ್ಕನ್ನು ಹೀಗೆ ಸುತ್ತಿಡುವ ಯೋಚನೆ ಹೊಸದೇನಲ್ಲ. 1921ರಲ್ಲಿ ಕಲೂಜ, 1926ರಲ್ಲಿ ಕ್ಲೈನ್ ಇದನ್ನು ಹೇಳಿದ್ದರು. ಸುರುಳಿಯ ಆಕಾರವೇ ಎಳೆ ಹೇಗೆ ಹೇಗೆ ಅದುರಬಹುದೆಂಬುದನ್ನು ಗೊತ್ತುಮಾಡುತ್ತದೆ. ಆದ್ದರಿಂದ ಯಾವ ಯಾವ ಕಣಗಳಿರಬೇಕು ಎಂಬುದನ್ನೂ.

1984ರಲ್ಲಿ ಗ್ರೀನ್ ಮತ್ತು ಶ್ವಾರ್ಜ್ ಈ ಗಣಿತದಲ್ಲಿದ್ದ ಒಂದು ದೊಡ್ಡ ವಿರೋಧವನ್ನು ಬಗೆಹರಿಸಿದ ಮೇಲೆ ನೂರಾರು ಮಂದಿ ಇದಕ್ಕೆ ಕೈಹಾಕಿದರು. ಎಲ್ಲವನ್ನೂ ಒಂದು ಮಾಡಹೊರಟ ಸಿದ್ಧಾಂತವೇ ಐದು ಬಗೆಯಾಗಿ ನಿಂತದ್ದು ಅವರಿಗೆ ಸಿಕ್ಕ ಮೊದಲ ಮುಖಭಂಗ. ಐದರಲ್ಲಿ ಜಗತ್ತಿನದು ಯಾವುದು? ಇದನ್ನು ಬಿಡಿಸಿದವರಲ್ಲಿ ನಮ್ಮ ದೇಶದ ಅಶೋಕ್ ಸೇನ್ ಅವರದು ಮುಖ್ಯವಾದ ಹೆಸರು.

ಕಂಪ್ಲಿಯವರಿಗೆ ಇದನ್ನು ಹೇಳುವುದು ಸುಲಭ. ತುಂಗಭದ್ರೆ ತುಂಬಿ ಬಂದಾಗ ಗಂಗಾವತಿಯ ಕಡೆಗೆ ಹೋಗುವ ಸೇತುವೆ ಮುಳುಗುತ್ತದೆ. ಈ ದಡದವರಿಗೆ ಆ ದಡದ ಸುದ್ದಿಯಿಲ್ಲ. ಎಳೆಗಳು ಪರಸ್ಪರ ಮೆಲ್ಲಗೆ ತಾಗುತ್ತಿದ್ದರೆ ಲೆಕ್ಕ ಸುಲಭ. ಜೋರಾಗಿ ತಾಗಿದರೆ ಲೆಕ್ಕ ಪ್ರವಾಹದಲ್ಲಿ ಮುಳುಗಿಹೋಗುತ್ತದೆ. ಒಂದು ದಡದಲ್ಲಿ ಮುಳುಗಿದ ಲೆಕ್ಕವೇ ಇನ್ನೊಂದು ದಡದಲ್ಲಿ ಒಣಗಿದ ನೆಲದ ಮೇಲೆ ನಡೆಯುವ ಸುಲಭದ ಲೆಕ್ಕವಾಗಿರುತ್ತದೆ ಎಂಬುದಕ್ಕೆ ಸೇನ್ ಅವರು 1994ರಲ್ಲಿ ಬಲವಾದ ಸಾಕ್ಷ್ಯವನ್ನು ಗಣಿತದಿಂದ ಒದಗಿಸಿದರು. ಮರುವರ್ಷ ಅಮೆರಿಕದ ಎಡ್ವರ್ಡ್ ವಿಟನ್, ಐದೂ ಒಂದೇ ನದಿಯ ಐದು ದಡಗಳೆಂದೂ, ಆ ನದಿಗೆ ಹನ್ನೊಂದು ಆಯಾಮಗಳಿವೆಯೆಂದೂ ಹೇಳಿದರು. ನದಿಗೆ ಎಂ-ಸಿದ್ಧಾಂತವೆಂದು ಹೆಸರಾಯಿತು. ಅದೇ 1995ರಲ್ಲಿ ಪೊಲ್ಚಿನ್‌ಸ್ಕಿ, ತುದಿ ತೆರೆದ ಎಳೆಗಳು ಕೊನೆಗೊಳ್ಳುವ ಜಾಗಗಳು ಬರಿಯ ಗೆರೆಗಳಲ್ಲ, ತಾವೇ ತೂಕವುಳ್ಳ ಪೊರೆಗಳು ಎಂದು ತೋರಿಸಿದರು. ತಂಬೂರಿಯ ಕುದುರೆಯ ಮಾತು ಇಲ್ಲಿ ನೆನಪಾಗಬೇಕು. ತಂತಿಯಷ್ಟೇ ಅಲ್ಲ, ತಂತಿಯ ತುದಿ ಕೂರುವ ಪೀಠವೂ ಲೆಕ್ಕಕ್ಕೆ ಬಂತು.

ಈ ಪೊರೆಗಳಿಂದಲೇ ತಂತು ಸಿದ್ಧಾಂತಕ್ಕೆ ಅದರ ಅತ್ಯಂತ ದೊಡ್ಡ ಗೆಲುವು ದೊರೆಯಿತು. ಬೆಳಕೂ ಹೊರಬರಲಾರದ ಕಪ್ಪುಕುಳಿಗಳ ವಿಚಾರವನ್ನು ನೀವು ಕೇಳಿರಬಹುದು. ಒಂದು ವಸ್ತು ಹೊರಗೆ ಒಂದೇ ರೀತಿ ಕಾಣುತ್ತ ಒಳಗೆ ಎಷ್ಟು ವಿಧವಾಗಿ ಜೋಡಣೆಗೊಂಡಿರಬಹುದು ಎಂಬ ಎಣಿಕೆಯನ್ನಾಧರಿಸಿದ ಅಳತೆಗೆ ಶಾಸ್ತ್ರದಲ್ಲಿ ಎಂಟ್ರೊಪಿ ಎನ್ನುತ್ತಾರೆ. ಕಪ್ಪುಕುಳಿಗೂ ಎಂಟ್ರೊಪಿ ಉಂಟೆಂದೂ, ಅದು ಕುಳಿಯ ಒಳಗಾತ್ರವನ್ನಲ್ಲ, ಮೇಲ್ಮೈಯ ವಿಸ್ತೀರ್ಣವನ್ನು ಅನುಸರಿಸುತ್ತದೆಂದೂ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ 1970ರ ದಶಕದಲ್ಲಿ ಕಂಡುಕೊಂಡರು. ಇದು ಎಷ್ಟು ವಿಚಿತ್ರವೆಂಬುದನ್ನು ಯೋಚಿಸಿ. ಹಗೇವಿನಲ್ಲಿ ಎಷ್ಟು ಜೋಳ ಹಿಡಿಸುತ್ತದೆ ಎಂಬುದು ಅದರ ಒಳಗಾತ್ರದ ಮಾತು; ಗೋಡೆಯ ಮಣ್ಣನ್ನು ಅಳೆದು ಜೋಳದ ಲೆಕ್ಕ ಹೇಳುತ್ತೇನೆಂದರೆ ಯಾರು ನಂಬುತ್ತಾರೆ? ಕಪ್ಪುಕುಳಿಯಲ್ಲಿ ಹಾಗೆಯೇ ಆಗುತ್ತದೆ. ಆದರೆ ಎಣಿಸುತ್ತಿರುವ ಕಾಳು ಯಾವುದು ಎಂಬುದು ಇಪ್ಪತ್ತು ವರ್ಷ ಯಾರಿಗೂ ತಿಳಿಯಲಿಲ್ಲ. ಎಳೆಗಳ ಕಂಪನಗಳನ್ನೇ ಎಣಿಸಿ ಇದನ್ನು ಬಿಡಿಸಬಹುದೆಂಬ ದಾರಿಯನ್ನು ಸೇನ್ 1995ರಲ್ಲಿ ತೋರಿದರು. 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ಪೊರೆಗಳನ್ನೂ ಎಳೆಗಳನ್ನೂ ಒಂದೊಂದಾಗಿ ಎಣಿಸಿದಾಗ, ಹಾಕಿಂಗರ ಸೂತ್ರದ ಉತ್ತರವೇ, ಅದರಲ್ಲಿರುವ ನಾಲ್ಕನೆಯ ಒಂದು ಎಂಬ ಭಿನ್ನಾಂಕವೂ ತಪ್ಪದಂತೆ, ಬಂದುಬಿಟ್ಟಿತು.

ಎರಡು ಬೇರೆ ದಾರಿಗಳಿಂದ ಹೊರಟ ಲೆಕ್ಕಗಳು ಹೀಗೆ ಒಂದೇ ಸಂಖ್ಯೆಗೆ ಬಂದು ಸೇರುವುದು ಕಾಕತಾಳೀಯವೆಂದು ನನಗಂತೂ ಅನ್ನಿಸುವುದಿಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಅವರು ಎಣಿಸಿದ ಕಪ್ಪುಕುಳಿ ಆಕಾಶದಲ್ಲಿರುವ ಯಾವುದೂ ಅಲ್ಲ. ಐದು ಆಯಾಮದ, ವಿದ್ಯುದಾವೇಶ ತುಂಬಿದ, ಗಣಿತಕ್ಕೆ ಒಗ್ಗುವಂತೆ ಆರಿಸಿಕೊಂಡ ಕುಳಿ. ಆಮೇಲೆ ನಾಲ್ಕು ಆಯಾಮದ ಕುಳಿಗಳಿಗೂ ಲೆಕ್ಕ ವಿಸ್ತರಿಸಿದ್ದುಂಟು. ನಮ್ಮ ಆಕಾಶಗಂಗೆಯ ನಡುವೆ ಕುಳಿತಿರುವ ಸಾಧಾರಣ ಕಪ್ಪುಕುಳಿಗೆ ಇಂಥ ನಿಖರವಾದ ಎಣಿಕೆ ಇನ್ನೂ ದೊರೆತಿಲ್ಲ.

ಹಾಗಾದರೆ ಇದನ್ನು ಪರೀಕ್ಷಿಸಿ ನೋಡಬಾರದೆ ಎಂದು ನೀವು ಕೇಳುವುದು ನ್ಯಾಯವೇ. ಪರೀಕ್ಷೆಯೆಂದರೆ ಏನೆಂಬುದಕ್ಕೆ ನಮ್ಮ ಹತ್ತಿರದ್ದೇ ಒಂದು ಸಣ್ಣ ಉದಾಹರಣೆಯಿದೆ. ಹಂಪಿಯ ವಿಠ್ಠಲ ದೇವಾಲಯದ ಸ್ವರಗಂಬಗಳು ಟೊಳ್ಳಾಗಿರುವುದರಿಂದಲೇ ನುಡಿಯುತ್ತವೆ ಎಂಬ ಮಾತನ್ನು ಬಹಳ ಮಂದಿ ಕೇಳಿದ್ದಾರೆ. ಕಲ್ಪಾಕ್ಕಂನ ಇಂದಿರಾಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಲ್ಲಿಗೆ ಊನವಾಗದಂತೆ ಶ್ರವಣಾತೀತ ಶಬ್ದವನ್ನು ಕಳುಹಿಸಿ ಪರೀಕ್ಷಿಸಿ, ಕಂಬಗಳು ಗಟ್ಟಿ ಕಲ್ಲೆಂದೂ, ಅವು ಬಾಗಿ ಅದುರುವುದರಿಂದ ಸ್ವರ ಹುಟ್ಟುತ್ತದೆಂದೂ 2008ರಲ್ಲಿ ಪ್ರಕಟಿಸಿದರು. ಟೊಳ್ಳೆಂಬ ಮಾತು ಅಲ್ಲಿಗೆ ಮುಗಿಯಿತು.

ದೊಡ್ಡ ಉದಾಹರಣೆ ಕೋಲಾರದ ಚಿನ್ನದ ಗಣಿಯದು. ಎಳೆಗಳಿಗೆ ನೇರವಾಗಿ ಸೇರಿದ್ದಲ್ಲವಾದರೂ ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಭೂಮಿಯ ಆಳದಲ್ಲಿ ವಿಶ್ವಕಿರಣಗಳ ಕಾಟ ಕಡಮೆ. ಅದಕ್ಕಾಗಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದಲೇ ಆ ಗಣಿಗಿಳಿದಿದ್ದರು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಅದು ಒಂದು. ಅದು 1965ರ ಮಾತು. 1974ರಲ್ಲಿ ಅಮೆರಿಕದ ಜಾರ್ಜೈ ಮತ್ತು ಗ್ಲಾಷೋ, ಗುರುತ್ವವೊಂದನ್ನು ಬಿಟ್ಟು ಉಳಿದ ಮೂರು ಬಲಗಳನ್ನೂ ಒಂದುಮಾಡುವ ಬಹಳ ಸುಂದರವಾದ ಸಿದ್ಧಾಂತವನ್ನು ಮುಂದಿಟ್ಟರು. ಅದು ನಿಜವಾದರೆ ಪ್ರೋಟಾನು ಶಾಶ್ವತವಲ್ಲ. ಊಹಿಸಲಾರದಷ್ಟು ಅಪರೂಪವಾಗಿಯಾದರೂ ಅದು ಒಡೆಯಲೇಬೇಕು. ಬಹಳಷ್ಟು ಪ್ರೋಟಾನುಗಳನ್ನು ಒಂದೆಡೆ ಕೂಡಿಟ್ಟು ಕಾದರೆ ಎಲ್ಲಿಯಾದರೂ ಒಂದು ಒಡೆದೀತು. ನಮ್ಮ ವಿಜ್ಞಾನಿಗಳೂ ಜಪಾನಿನ ಒಸಾಕದವರೂ ಕೂಡಿ ನೆಲದಿಂದ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಸುಮಾರು 140 ಟನ್ ತೂಕದ, ಬಹುಪಾಲು ಕಬ್ಬಿಣದ ಉಪಕರಣವನ್ನು ಕಟ್ಟಿ 1980ರಲ್ಲಿ ಕಾಯಲು ಕುಳಿತರು. ಸಂಡೂರಿನಿಂದ ಅದಿರು ಹೊತ್ತು ಬರುವ ಲಾರಿಗಳನ್ನು ನೋಡಿದವರು ಅಷ್ಟು ಕಬ್ಬಿಣವನ್ನು ಗಣಿಯ ಬಾವಿಯಲ್ಲಿ ಇಳಿಸುವ ಕಷ್ಟವನ್ನು ಊಹಿಸಿಕೊಳ್ಳಬಹುದು.

ಕೆಲವು ಘಟನೆಗಳು ಪ್ರೋಟಾನು ಒಡೆದಂತೆಯೇ ಕಂಡವು. ಅವರು ಅವುಗಳನ್ನು ಪ್ರಕಟಿಸಿದರು. ಅಮೆರಿಕ ಜಪಾನುಗಳಲ್ಲಿ ಕಟ್ಟಿದ ಇನ್ನೂ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅಂಥದು ಕಾಣಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ 1996ರಿಂದ ಕಾಯುತ್ತಿದೆ. ಖಚಿತವಾಗಿ ಒಂದೂ ಪ್ರೋಟಾನು ಒಡೆದಿಲ್ಲ. ಆ ಸುಂದರ ಸಿದ್ಧಾಂತ ತನ್ನ ಸರಳ ರೂಪದಲ್ಲಿ ಬಿದ್ದುಹೋಯಿತು. ಕೋಲಾರದ ಪ್ರಯೋಗ 1990ರ ದಶಕದ ಮೊದಲಲ್ಲಿಯೇ ನಿಂತಿತು, 2001ರಲ್ಲಿ ಗಣಿಯೂ ಮುಚ್ಚಿತು. ಇದನ್ನು ಸೋಲೆನ್ನುವುದು ಸರಿಯಲ್ಲ. ಸಿದ್ಧಾಂತ ತನ್ನ ಕತ್ತನ್ನು ಮುಂದೆ ಚಾಚಿತ್ತು. ಪ್ರಕೃತಿ ಬೇಡವೆಂದಿತು. ಎಷ್ಟೇ ಚೆಲುವಾದ ಲೆಕ್ಕವಾದರೂ ಇಂಥದೊಂದು ಉತ್ತರಕ್ಕೆ ಒಪ್ಪಿಸಿಕೊಳ್ಳಬೇಕಾಗುತ್ತದೆ.

ತಂತು ಸಿದ್ಧಾಂತ ಹಾಗೆ ಒಪ್ಪಿಸಿಕೊಳ್ಳುವ ಸ್ಥಿತಿಗೆ ಇನ್ನೂ ಬಂದಿಲ್ಲ. ಜಿನೀವಾದ ಬಳಿ 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಯಂತ್ರವಿದೆ. ಎಳೆಯನ್ನು ನೇರವಾಗಿ ಮೀಟಬೇಕಾದರೆ ಅದರ ಶಕ್ತಿಯ ಸುಮಾರು ಸಾವಿರ ಲಕ್ಷ ಕೋಟಿ ಪಟ್ಟು ಶಕ್ತಿ ಬೇಕು. ಅಲ್ಲಿಯವರು ಯೋಚಿಸುತ್ತಿರುವ 91 ಕಿಲೋಮೀಟರಿನ ಹೊಸ ಸುರಂಗವೂ ಈ ಲೆಕ್ಕದ ಮುಂದೆ ಏನೂ ಅಲ್ಲ. ನೇರವಾಗಿ ಅಲ್ಲದಿದ್ದರೂ ಒಂದು ಸುಳುವು ಸಿಕ್ಕೀತೆಂಬ ಆಸೆಯಿತ್ತು. ಈ ಗಣಿತದಂತೆ ಪ್ರತಿಯೊಂದು ಕಣಕ್ಕೂ ಒಂದು ಜೋಡಿ ಕಣ ಇರಬೇಕು. ಅವುಗಳಲ್ಲಿ ಹಗುರವಾದವು ಆ ಯಂತ್ರದಲ್ಲಿ ಕಾಣಬಹುದೆಂದು ಅನೇಕರು ನಂಬಿದ್ದರು. 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು. ಜೋಡಿ ಕಣಗಳಲ್ಲಿ ಒಂದೂ ಸಿಗಲಿಲ್ಲ. ಅವು ಇನ್ನೂ ಭಾರವಾಗಿರಬಹುದಲ್ಲ ಎನ್ನುತ್ತಾರೆ. ಇರಬಹುದು. ಆದರೆ ಪ್ರತಿ ಸಲವೂ ಗಡುವನ್ನು ಮುಂದಕ್ಕೆ ಹಾಕುವ ಸಾಲಗಾರನ ವಿಷಯದಲ್ಲಿ ಕೊಟ್ಟವನಿಗೆ ಹುಟ್ಟುವ ಸಂಶಯ ಇಲ್ಲಿಯೂ ಹುಟ್ಟಿದರೆ ತಪ್ಪೇನು?

ಇದಕ್ಕಿಂತ ಆಳವಾದ ತೊಡಕೊಂದಿದೆ. ಆರು ದಿಕ್ಕುಗಳನ್ನು ಸುತ್ತಿಡುವ ರೀತಿ ಒಂದೇ ಆಗಿದ್ದರೆ, ನಮ್ಮ ಜಗತ್ತು ಹೀಗೆಯೇ ಇರಬೇಕೆಂದು ಲೆಕ್ಕ ಹೇಳುತ್ತಿತ್ತು. ಮೊದಮೊದಲು ಅಂಥ ಆಸೆಯಿತ್ತು. ಈಗ ನೋಡಿದರೆ, 1ರ ಮುಂದೆ 500 ಸೊನ್ನೆಗಳನ್ನು ಬರೆದಷ್ಟು ರೀತಿಗಳುಂಟೆಂದು ಅಂದಾಜು. ಒಂದೊಂದು ರೀತಿಗೂ ಬೇರೆ ಕಣಗಳು, ಬೇರೆ ಬಲಗಳು, ಬೇರೆಯೇ ಜಗತ್ತು. ಎಲ್ಲವೂ ಎಲ್ಲಿಯೋ ಇವೆ, ನಾವು ಬದುಕಬಹುದಾದದರಲ್ಲಿ ನಾವಿದ್ದೇವೆ ಎಂದು ಕೆಲವರ ಸಮಾಧಾನ. ಯಾವ ಬೀಗಕ್ಕೂ ಸರಿಹೋಗುವ ಬೀಗದ ಕೈ ಬೀಗದ ವಿಚಾರವಾಗಿ ನಮಗೆ ಏನನ್ನೂ ತಿಳಿಸುವುದಿಲ್ಲ. ಈ ಟೀಕೆಯನ್ನು ಪೀಟರ್ ವಾಯ್ಟ್, ಲೀ ಸ್ಮೊಲಿನ್ ಎಂಬ ವಿದ್ವಾಂಸರು 2006ರಲ್ಲಿ ಪುಸ್ತಕಗಳನ್ನೇ ಬರೆದು ಮುಂದಿಟ್ಟಿದ್ದಾರೆ. ಎಂ-ಸಿದ್ಧಾಂತದ ಮೂಲ ಸಮೀಕರಣ ಯಾವುದೆಂಬುದೂ ಇನ್ನೂ ಪೂರ್ತಿಯಾಗಿ ಬರೆದಿಟ್ಟಿಲ್ಲ. ದಡಗಳ ನಕ್ಷೆಯಿದೆ, ನಡುನೀರಿನ ನಕ್ಷೆಯಿಲ್ಲ.

ನಮ್ಮ ಶಾಸ್ತ್ರಕಾರರ ಪದ್ಧತಿಯಲ್ಲಿ ಪೂರ್ವಪಕ್ಷವನ್ನು ಮಂಡಿಸಿ, ಆಕ್ಷೇಪಗಳನ್ನು ತೀರಿಸಿಕೊಂಡ ಮೇಲೆಯೇ ಸಿದ್ಧಾಂತ. ಆ ದೃಷ್ಟಿಯಿಂದ ಇದಕ್ಕೆ ತಂತು ಸಿದ್ಧಾಂತವೆಂದು ಹೆಸರಿಟ್ಟದ್ದು ಕೊಂಚ ಅವಸರವೇ ಆಯಿತು. ತಂತುವಾದವೆಂದರೆ ಹೆಚ್ಚು ಒಪ್ಪುತ್ತಿತ್ತು. ಹೀಗೆಂದ ಮಾತ್ರಕ್ಕೆ ಇದನ್ನು ಕೈಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಗುರುತ್ವ ಮತ್ತು ಕ್ವಾಂಟಂ ಎರಡನ್ನೂ ಕೂಡಿಸಲು ಬೇರೆ ದಾರಿಗಳನ್ನು ಹುಡುಕುತ್ತಿರುವವರುಂಟು. ಅವರಿಗೂ ಪ್ರಯೋಗದ ಮುದ್ರೆ ದೊರೆತಿಲ್ಲ. ಕಪ್ಪುಕುಳಿಯ ಎಣಿಕೆಯಂಥ ಫಲವನ್ನು ತೋರಿಸಿದ ದಾರಿಯಲ್ಲಿ ನಡೆಯುವವರನ್ನು ತಡೆಯುವುದೇಕೆ? ಖರ್ಚೂ ಹೆಚ್ಚಿನದಲ್ಲ, ಯಂತ್ರ ಕಟ್ಟುವುದಕ್ಕೆ ಹೋಲಿಸಿದರೆ ಹಲಗೆ, ಸೀಮೆಸುಣ್ಣ, ಸಂಬಳ, ಇಷ್ಟೆ. ನಿಜವಾದ ಖರ್ಚು ಬೇರೆ. ನಾಡಿನ ಅತ್ಯಂತ ಚುರುಕಾದ ಹುಡುಗ ಹುಡುಗಿಯರು ತಮ್ಮ ಇಪ್ಪತ್ತೈದರಿಂದ ಅರವತ್ತರವರೆಗಿನ ಆಯುಷ್ಯವನ್ನು ಇದಕ್ಕೆ ಕೊಡುತ್ತಾರೆ. ಸರಿಯೋ ತಪ್ಪೋ ಎಂಬ ಉತ್ತರ ಅವರ ಜೀವಮಾನದಲ್ಲಿ ಬಾರದೆ ಹೋಗಬಹುದು. ನಿಮ್ಮ ಮನೆಯ ಮಗು ಈ ದಾರಿ ಹಿಡಿಯುತ್ತೇನೆಂದರೆ ಇದನ್ನು ಮುಚ್ಚಿಡದೆ ಹೇಳಿ, ಆಮೇಲೆ ಬೆನ್ನು ತಟ್ಟಿ ಕಳುಹಿಸಿ.

ಕಳುಹಿಸಲು ಬಹಳ ದೂರವೇನೂ ಹೋಗಬೇಕಾಗಿಲ್ಲ. ಬೆಂಗಳೂರಿನ ಉತ್ತರಕ್ಕೆ ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿ, 2007ರಲ್ಲಿ ಪ್ರಾರಂಭವಾದ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರವಿದೆ. ಅದು ಟಾಟಾ ಸಂಸ್ಥೆಯ ಅಂಗ. 2015ರ ಜೂನಿನಲ್ಲಿ ಅದರ ಹೊಸ ಆವರಣ ತೆರೆದಾಗಲೇ ಜಗತ್ತಿನ ತಂತು ವಿಜ್ಞಾನಿಗಳ ವಾರ್ಷಿಕ ಸಮ್ಮೇಳನವೂ ಬೆಂಗಳೂರಿನಲ್ಲಿ ನಡೆಯಿತು. 2012ರಲ್ಲಿ ಮೂಲಭೂತ ಭೌತವಿಜ್ಞಾನದ ಮೊತ್ತಮೊದಲ ಬಹುಮಾನವನ್ನು ಪಡೆದ ಒಂಬತ್ತು ಮಂದಿಯಲ್ಲಿ ಒಬ್ಬರಾದ ಅಶೋಕ್ ಸೇನ್ 2021ರಲ್ಲಿ ಆ ಕೇಂದ್ರವನ್ನು ಸೇರಿದರು. ಅದು ಜನಸಾಮಾನ್ಯರಿಗಾಗಿಯೂ ಉಪನ್ಯಾಸಗಳನ್ನೇರ್ಪಡಿಸುತ್ತದೆ.

ಪ್ರಕೃತಿ ಈ ವಾದಕ್ಕೆ ಹೌದು ಅಥವಾ ಅಲ್ಲ ಎನ್ನುವ ಬಾಗಿಲು ಕಣಗಳ ಕಡೆಯಿಂದ ತೆರೆಯದಿದ್ದರೂ ಆಕಾಶದ ಕಡೆಯಿಂದ ತೆರೆಯಬಹುದೆಂದು ಈಚೆಗೆ ತೋರುತ್ತಿದೆ. ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆಯೆಂದು 1998ರಲ್ಲಿ ಗೊತ್ತಾಯಿತು. ಅದಕ್ಕೆ ಕಾರಣವಾದ ಅಜ್ಞಾತ ಶಕ್ತಿ ಎಂದೆಂದಿಗೂ ಬದಲಾಗದೆ ನಿಲ್ಲುವಂಥದು ಎಂಬುದು ಸಾಮಾನ್ಯ ನಂಬಿಕೆ. ಬದಲಾಗದ ಇಂಥ ಶಕ್ತಿ ಎಳೆಗಳ ಗಣಿತದಲ್ಲಿ ಸಾಧ್ಯವೆಂದು 2003ರಲ್ಲಿ ನಾಲ್ವರು ತೋರಿಸಹೊರಟರು. ಅವರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯ ಸಂದೀಪ್ ತ್ರಿವೇದಿ ಒಬ್ಬರು. ಅದು ಸಾಧ್ಯವೇ ಇಲ್ಲ, ಆ ಶಕ್ತಿ ಕಾಲಕ್ರಮದಲ್ಲಿ ಕುಂದಲೇಬೇಕು ಎಂದು ವಾಫಾ ಮತ್ತು ಅವರ ಸಂಗಡಿಗರು 2018ರಲ್ಲಿ ಊಹಿಸಿದರು. ಒಂದೇ ಮನೆಯವರಲ್ಲಿ ಈ ಜಗಳ ಇನ್ನೂ ತೀರಿಲ್ಲ. ಅಮೆರಿಕದ ಅರಿಜೋನದ ಬೆಟ್ಟದ ಮೇಲೆ ಡೆಸಿ ಎಂಬ ಉಪಕರಣ ಲಕ್ಷಾಂತರ ನಕ್ಷತ್ರಲೋಕಗಳ ದೂರವನ್ನಳೆಯುತ್ತಿದೆ. ಆ ಶಕ್ತಿ ಕುಂದುತ್ತಿರಬಹುದೆಂಬ ಸೂಚನೆ ಅದರ 2024ರ ಅಳತೆಗಳಲ್ಲಿ ಕಂಡಿತು, 2025ರ ಅಳತೆಗಳಲ್ಲಿ ಇನ್ನಷ್ಟು ಬಲವಾಯಿತು. ಆದರೆ ನಿರ್ಣಯವೆಂದು ಸಾರುವಷ್ಟು ಬಲವಲ್ಲ. ಮುಂದಿನ ಅಳತೆಗಳಲ್ಲಿ ಈ ಸೂಚನೆ ಅಳಿಸಿಹೋದರೆ 2018ರ ಊಹೆ ಬಹಳ ಇಕ್ಕಟ್ಟಿಗೆ ಸಿಕ್ಕುತ್ತದೆ. ಉಳಿದರೆ 2003ರ ಲೆಕ್ಕದವರು ತಮ್ಮ ಕಾಗದಗಳನ್ನು ಮತ್ತೆ ಬಿಡಿಸಿ ಕೂರಬೇಕಾಗುತ್ತದೆ.